ಹೊನ್ನಾಳಿಯಲ್ಲಿ ಎಲ್ಲಿ ಉಣ್ಣೋಣ?

ಶುಕ್ರವಾರ ಸಂಜೆ ಆಯ್ತು ಅಂದ್ರೆ ನನ್ನ ಫೋನಿಗೆ ಇಂಥದೊಂದು ಮೆಸೇಜು ಬಂದೇ ಬರುತ್ತೆ. "ದಾವಣಗೆರೆಯಿಂದ ಶಿವಮೊಗ್ಗಕ್ಕೆ ಹೊರಟಿದೀವಿ, ಹೊನ್ನಾಳಿ ಮೇಲೆ ಹೋಗ್ತೀವಿ. ಅಲ್ಲಿ ಎಲ್ಲಿ ತಿನ್ನೋದು ಗುರು?" ತಿಂಡಿ ಬಗ್ಗೆ ನಾಲ್ಕಕ್ಷರ ಬರೆಯೋನ ಹಣೆಬರಹ ಇದು. ನಾನೂ ಒಂದು ಪಟ್ಟಿ ಮಾಡಿ ಇಟ್ಕೊಂಡಿದ್ದೆ. ಕೇಳಿದವರಿಗೆಲ್ಲ ಅದನ್ನೇ ಕಳಿಸ್ತಿದ್ದೆ. ಹೋದವರು ಹೊಟ್ಟೆ ತುಂಬಾ ತಿಂದು ಬಂದು ಥ್ಯಾಂಕ್ಸ್ ಹೇಳ್ತಿದ್ದರು. ನನಗೂ ಖುಷಿ, ಅವರಿಗೂ ಖುಷಿ.

ಆ ಪಟ್ಟಿಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದು ಅರ್ಧ ಪಟ್ಟಿ. ಇದನ್ನ ನನಗೆ ತೋರಿಸಿಕೊಟ್ಟಿದ್ದು ನಮ್ಮ ಟೀಮಿನ ಒಬ್ಬ ಹುಡುಗಿ. ಅವಳ ಮಾತಿಗೆ ಆಮೇಲೆ ಬರ್ತೀನಿ. ಮೊದಲು ಪಟ್ಟಿ ನೋಡಿಬಿಡಿ, ಹಸಿದು ಹೊರಟವರನ್ನ ಕಾಯಿಸಬಾರದು.

ಊರಿನ ಬಗ್ಗೆ ಎರಡು ಮಾತು. ತುಂಗೆ, ಭದ್ರೆ ಕೂಡ್ಲಿಯಲ್ಲಿ ಕೂಡಿ, ತುಂಗಭದ್ರೆ ಅಂತ ಹೊಸ ಹೆಸರು ಇಟ್ಟುಕೊಂಡು ಸ್ವಲ್ಪ ದೂರ ಹರಿದ ಮೇಲೆ ಸಿಗುವ ಹಳೇ ಊರು ಹೊನ್ನಾಳಿ. ಅತ್ತ ರಾಯರ ಮಠ, ಇತ್ತ ಹಿರೇಕಲ್ಮಠ. ಇನ್ನೂ ಕೆಳಕ್ಕೆ ಹರಿದರೆ ಹರಿಹರ, 1224ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ ಹರಿಹರೇಶ್ವರ ದೇವಸ್ಥಾನ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗೋ ತನಕ ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಸರ್ಕಾರಿ ಕಾಗದದಲ್ಲಿ ಜಿಲ್ಲೆ ಬದಲಾಯಿತು, ನಾಲಿಗೆ ಮಾತ್ರ ಇನ್ನೂ ಎರಡೂ ಕಡೆ ಇದೆ. ಒಂದು ಕಡೆಯಿಂದ ಅರೆಮಲೆನಾಡಿನ ಅನ್ನ-ಸಾರು, ಇನ್ನೊಂದು ಕಡೆಯಿಂದ ಜೋಳದ ರೊಟ್ಟಿ, ಮತ್ತೊಂದು ಕಡೆಯಿಂದ ರಾಗಿಮುದ್ದೆ. ಮೂರೂ ಇಲ್ಲಿ ಬಂದು ಒಂದೇ ತಟ್ಟೆಯಲ್ಲಿ ಕೂರುತ್ತವೆ. ಹಾಗಾಗಿಯೇ ತಿನ್ನೋರಿಗೆ ಇದು ಒಳ್ಳೇ ಊರು.

ಹೋಟೆಲ್ ಹೆಸರು ನಾನು ಕೊಡಲ್ಲ. ಸಣ್ಣ ಊರಲ್ಲಿ ಅಡುಗೆಯವರು ಬದಲಾದರೆ ರುಚಿ ಬದಲಾಗುತ್ತೆ, ಬೋರ್ಡು ಬದಲಾಗಲ್ಲ. ಹೆಸರಿನ ಬದಲು ಗುರುತು ಹೇಳ್ತೀನಿ. ಅದು ಹೆಚ್ಚು ದಿನ ಬಾಳಿಕೆ ಬರುತ್ತೆ.

ಒಂದು, ಬೆಳಗಿನ ಬೆಣ್ಣೆ ದೋಸೆ. ಇದು ದಾವಣಗೆರೆಯದ್ದು ಅಂತ ಗೊತ್ತು, ಆದರೆ ಅದರ ಗಾಳಿ ಇಡೀ ಜಿಲ್ಲೆಗೆ ಬೀಸಿದೆ. ಹೋದ ತಕ್ಷಣ ಒಲೆ ನೋಡಿ. ಸೌದೆ ಒಲೆ ಮೇಲೆ ದಪ್ಪ ಕಾವಲಿ ಇದ್ದರೆ ಕೂತ್ಕೊಳ್ಳಿ. ಪಲ್ಯ ಬಿಳೀ ಇರಬೇಕು, ಅರಿಶಿನ ಹಾಕಿ ಹಳದಿ ಮಾಡಿದ್ದರೆ ಅದು ಬೆಂಗಳೂರಿನ ಮಸಾಲೆ ದೋಸೆಯ ಪಲ್ಯ. ಚಟ್ನಿ ನೀರಾಗಿರುತ್ತೆ, ಅದಕ್ಕೆ ಜಗಳ ಬೇಡ, ಅದು ಇರೋದೇ ಹಾಗೆ. ದೋಸೆ ಅಂಚು ಗರಿ, ನಡು ಮೆತ್ತಗೆ. ಬೆಣ್ಣೆ ಹಾಕಿದ್ದು ಸುದ್ದಿ ಅಲ್ಲ, ಎಂಥ ಬೆಣ್ಣೆ ಅನ್ನೋದು ಸುದ್ದಿ. ಮೊದಲ ತುತ್ತಲ್ಲಿ ಒಂಚೂರು ಹುಳಿ ಬಂದರೆ ಮನೆ ಬೆಣ್ಣೆ. ಏನೂ ಬರದೆ ಬರೀ ಜಿಡ್ಡು ಬಂದರೆ ಒಂದೇ ದೋಸೆಗೆ ಎದ್ದು ಬನ್ನಿ.

ಎರಡು, ಮಧ್ಯಾಹ್ನದ ಖಾನಾವಳಿ. ಇಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಒಳಗಡೆಯಿಂದ ರೊಟ್ಟಿ ಬಡಿಯೋ ಸದ್ದು ಬರ್ತಿದೆಯಾ ಕೇಳಿಸ್ಕೊಳ್ಳಿ. ಬಂದರೆ ಬಿಸಿ ರೊಟ್ಟಿ, ಇಲ್ಲದಿದ್ದರೆ ಬೆಳಿಗ್ಗೆ ಮಾಡಿ ಬಟ್ಟೇಲಿ ಸುತ್ತಿಟ್ಟಿದ್ದು. ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಮೊಸರು. ಎರಡು ರೊಟ್ಟಿ ಮುಗಿಯೋದರೊಳಗೆ ಬಡಿಸೋರು "ಇನ್ನೊಂದು ಹಾಕ್ಲೇನ್ರಿ?" ಅಂತ ಬಂದು ನಿಂತಿರಬೇಕು. ಆ ಮಾತಿಗೆ ನಾನು ಹತ್ತಕ್ಕೆ ಎರಡು ಅಂಕ ಬೇರೆ ಕೊಡ್ತೀನಿ.

ಮೂರು, ಸಂಜೆ ಮಂಡಕ್ಕಿ-ಮೆಣಸಿನಕಾಯಿ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳದ್ದೇ ಒಂದು ಬಡಾವಣೆ ಇದೆ. ಹಾಗಾಗಿ ಈ ಸುತ್ತಿನಲ್ಲಿ ಮಂಡಕ್ಕಿ ಯಾವತ್ತೂ ಹೊಸದು. ಗಾಡಿ ಹತ್ರ ನಿಂತು ಒಗ್ಗರಣೆ ಮಂಡಕ್ಕಿ, ಜೊತೆಗೆ ಬಾಣಲೆಯಿಂದ ಆಗಷ್ಟೇ ಎತ್ತಿದ ಮಿರ್ಚಿ. "ಹೊನ್ನಾಳಿ ಹೊಡ್ತ" ಅನ್ನೋ ಮಾತು ಕೇಳಿರ್ತೀರಲ್ಲ, ಆ ಮೆಣಸಿನಕಾಯಿ ಕಚ್ಚಿದಾಗ ಅರ್ಥ ಆಗುತ್ತೆ. ಪೊಟ್ಟಣ ಕಟ್ಟಿಸಿಕೊಂಡು ಕಾರಲ್ಲಿ ತಿಂತೀವಿ ಅಂದ್ರೆ ಬೇಡ. ಐದು ನಿಮಿಷಕ್ಕೆ ಮಂಡಕ್ಕಿ ಮೆತ್ತಗಾಗಿ ಎಲ್ಲ ಹಾಳಾಗುತ್ತೆ.

ನಾಲ್ಕು, ಮೀನು. ಹೊಳೆ ದಂಡೆ ಊರಲ್ಲಿ ಮೀನು ತಿನ್ನದೆ ಬರೋದು ಹೇಗೆ? ಮಿಲಿಟರಿ ಹೋಟೆಲಲ್ಲಿ ಕೂರುವ ಮುಂಚೆ "ಹೊಳೆ ಮೀನೋ, ಕೆರೆ ಮೀನೋ?" ಅಂತ ಒಂದು ಮಾತು ಕೇಳಿ. ಕೇಳಿದವರಿಗೆ ನಿಜ ಹೇಳ್ತಾರೆ. ಸಾರಲ್ಲಿ ಹುಣಸೆಹುಳಿ ಮುಂದಿರಬೇಕು, ಮಸಾಲೆ ಹಿಂದಿರಬೇಕು. ಜೊತೆಗೆ ಮುದ್ದೆ ತಗೊಳ್ಳಿ, ಅನ್ನ ಬೇಡ.

ಇಷ್ಟೇ ನನ್ನ ಪಟ್ಟಿ. ಕಳೆದ ವರ್ಷ ಇದನ್ನ ಬರೆದು ಹಾಕಿದ ಮಾರನೇ ದಿನ ಆಫೀಸಿನ ಕಾಫಿ ಮಿಷನ್ ಹತ್ರ ಅವಳು ಸಿಕ್ಕಳು. ಊರು ಕೇಳಿದರೆ ಯಾವಾಗಲೂ "ಶಿವಮೊಗ್ಗ ಹತ್ರ" ಅಂತಿದ್ದವಳು.

"ಓದಿದೆ. ಚೆನ್ನಾಗಿದೆ. ನಮ್ಮೂರ ಪಕ್ಕದಲ್ಲೇ ಓಡಾಡಿ ಬಂದಿದೀಯ."

"ನಿಮ್ಮೂರು ಹೊನ್ನಾಳಿನಾ?"

"ನ್ಯಾಮತಿ ಕಡೆ. ತಾಂಡಾ." ಸ್ವಲ್ಪ ತಡೆದು ಹೇಳಿದಳು, "ನಾಲ್ಕು ಐಟಮ್ ಬರೆದಿದೀಯ. ನಮ್ಮನೇಲಿ ಮಾಡೋದು ಒಂದೂ ಇಲ್ಲ."

ನಾನು ಜಾಣನ ಹಾಗೆ ಉತ್ತರ ಕೊಟ್ಟೆ. "ಹೋಟೆಲಲ್ಲಿ ಎಲ್ಲಿ ಸಿಗುತ್ತೆ ಹೇಳು, ನಾಳೆನೇ ಸೇರಿಸ್ತೀನಿ."

ಅವಳು ಯೋಚನೆ ಮಾಡಿದಳು. ನಿಜವಾಗಲೂ ಯೋಚನೆ ಮಾಡಿದಳು, ಕಪ್ಪು ಕೈಯಲ್ಲಿ ಹಿಡ್ಕೊಂಡು. ಆಮೇಲೆ "ಎಲ್ಲೂ ಸಿಗಲ್ಲ" ಅಂದಳು.

ಅವತ್ತು ರಾತ್ರಿ ನಾನು ತಿಂದ ಊರುಗಳನ್ನೆಲ್ಲ ನೆನಪು ಮಾಡ್ಕೊಂಡೆ. ಉಡುಪಿ ಹೋಟೆಲ್ ಇಲ್ಲದ ಊರಿಲ್ಲ. ಲಿಂಗಾಯತ ಖಾನಾವಳಿ ಬೋರ್ಡು ಹುಬ್ಬಳ್ಳಿಯಿಂದ ಬೆಂಗಳೂರಿನ ತನಕ ಇದೆ. ಸಾವಜಿ ಹೋಟೆಲ್ ಇದೆ, ಗೌಡರ ಮುದ್ದೆ ಊಟ ಇದೆ, ಬಂಟರ ಕೋಳಿ, ಕೊಡವರ ಪಂದಿ, ಮಂಗಳೂರು ಮೀನು, ಭಟ್ಕಳದ ಬಿರಿಯಾನಿ, ಎಲ್ಲ ಇದೆ. ಲಂಬಾಣಿ ಊಟ ಅಂತ ಬೋರ್ಡು ಹಾಕಿದ ಒಂದು ಹೋಟೆಲು ನನ್ನ ಕಣ್ಣಿಗೆ ಬಿದ್ದಿಲ್ಲ. ಹತ್ತು ವರ್ಷದಿಂದ ಊಟದ ಬಗ್ಗೆ ಬರೀತಿದೀನಿ, ಅದು ಇಲ್ಲ ಅನ್ನೋದು ಕೂಡ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ವಿಮರ್ಶೆ ಮಾಡೋನಿಗೆ ಇದಕ್ಕಿಂತ ದೊಡ್ಡ ದೋಷ ಇನ್ನೇನಿದೆ?

ಫೆಬ್ರವರಿಯಲ್ಲಿ ಅವಳು ಊರಿಗೆ ಹೊರಟಾಗ "ನೀನೂ ಬಾ" ಅಂದಳು. ಹೊರಟೆ.

ಸೂರಗೊಂಡನಕೊಪ್ಪ ಈಗ ನ್ಯಾಮತಿ ತಾಲೂಕು, ಮೊದಲು ಹೊನ್ನಾಳಿಯದೇ. ಬಂಜಾರರ ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಹುಟ್ಟಿದ ಜಾಗ. ಅವರ ಜನ ಇದನ್ನ ಭಾಯಾಗಡ ಅಂತಾರೆ. ಜಯಂತಿ ಸಮಯಕ್ಕೆ ಕರ್ನಾಟಕದ ತಾಂಡಾಗಳಿಂದ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದ ಜನ ಬರ್ತಾರೆ. ಮಾಲೆ ಹಾಕಿ, ವ್ರತ ಹಿಡಿದು, ದಿನಗಟ್ಟಲೆ ನಡೆದು ಬರೋರಿದ್ದಾರೆ. ಸೇವಾಲಾಲರ ಗುಡಿ, ಪಕ್ಕದಲ್ಲಿ ಮರಿಯಮ್ಮನ ಗುಡಿ. ಕೆಂಡಕ್ಕೆ ತುಪ್ಪ, ಸಿಹಿ ಅರ್ಪಿಸಿ ಭೋಗ್ ಮಾಡ್ತಾರೆ. ಆಮೇಲೆ ಪ್ರಸಾದ: ಗೋಧಿ, ಬೆಲ್ಲ, ತುಪ್ಪದಲ್ಲಿ ಮಾಡಿದ ಕಡಾವೊ. ನಮ್ಮ ಸಪ್ಪಾತಕ್ಕೂ ಶಿರಾಕ್ಕೂ ನಡುವಿನದ್ದು ಅಂದ್ಕೊಳ್ಳಿ, ಆದರೆ ಹುರಿದ ಗೋಧಿಯ ವಾಸನೆ ಇಲ್ಲಿ ಬೆಲ್ಲಕ್ಕಿಂತ ಮುಂದೆ. ಬೆರಳಿಗೆ ಅಂಟಲ್ಲ, ಉದುರಾಗಿ ಬಾಯಿಗೆ ಬೀಳುತ್ತೆ. ಎಲೆ ಹಿಡಿದು ಪಂಕ್ತಿಯಲ್ಲಿ ಕೂತೆ. ಊಟ ಆಯ್ತು. ಯಾರೂ ಬಿಲ್ಲು ಕೊಡಲಿಲ್ಲ, ಹೆಸರು ಕೇಳಲಿಲ್ಲ, ಜಾತಿ ಕೇಳಲಿಲ್ಲ.

ಹೊನ್ನಾಳಿ ಸೀಮೆಯಲ್ಲಿ ಅಷ್ಟು ಜನ ಒಟ್ಟಿಗೆ ಉಣ್ಣೋದನ್ನ ನಾನು ಬೇರೆಲ್ಲೂ ನೋಡಿಲ್ಲ. ಆದರೂ ನನ್ನ ಪಟ್ಟಿಯಲ್ಲಿ ಅದು ಇರಲಿಲ್ಲ. ಯಾಕೆ ಅಂದ್ರೆ ನಾನು ಗಲ್ಲಾಪೆಟ್ಟಿಗೆ ಇದ್ದ ಕಡೆ ಮಾತ್ರ ಊಟ ಹುಡುಕ್ತಿದ್ದೆ.

ಪಂಕ್ತಿಯಲ್ಲಿ ಕೂತಾಗ ಇನ್ನೊಂದು ವಿಷಯ ತಲೆಗೆ ಬಂತು. ಈ ಜನ ಯಾರು? ಎತ್ತಿನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದೇಶ ಸುತ್ತಿದವರು. ಲಂಬಾಣಿ ಅನ್ನೋ ಹೆಸರೇ ಲವಣದಿಂದ, ಅಂದರೆ ಉಪ್ಪಿನಿಂದ ಬಂತು ಅಂತ ಹೇಳೋರಿದ್ದಾರೆ. ರಸ್ತೆ ಇಲ್ಲದ ಕಾಲದಲ್ಲಿ ಊರಿಂದ ಊರಿಗೆ ಕಾಳು ಮುಟ್ಟಿಸಿದವರು ಇವರು. ಮೊಗಲರ ಸೈನ್ಯಕ್ಕೂ ಇವರದೇ ಕಾಳು. 1791-92ರಲ್ಲಿ ಕಾರ್ನ್‌ವಾಲಿಸ್ ಟಿಪ್ಪುವಿನ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದಾಗ ಅವನ ದಂಡು ಉಂಡದ್ದೂ ಬಂಜಾರರ ಎತ್ತುಗಳು ಹೊತ್ತು ತಂದ ಧಾನ್ಯವನ್ನೇ. ಆಮೇಲೆ ಬ್ರಿಟಿಷರು ಉಪ್ಪಿಗೆ ತೆರಿಗೆ ಹಾಕಿದರು, ರೈಲು ಹಾಕಿದರು. 1880ರ ದಶಕದ ಕೊನೆಗೆ ಬೆಂಗಳೂರಿನ ರೈಲು ಹರಿಹರದ ತನಕ ಬಂತು. ರೈಲು ಬಂದ ಮೇಲೆ ಎತ್ತಿಗೆ ಏನು ಕೆಲಸ? ಅದು ಸಾಲದು ಅಂತ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬೇರೆ. ಹಲವು ಕಡೆ ಲಂಬಾಣಿಗಳನ್ನೂ ಆ ಪಟ್ಟಿಗೆ ಸೇರಿಸಿದರು. ಊರೂರಿಗೆ ಅನ್ನ ಮುಟ್ಟಿಸಿದವರು ಊರ ಹೊರಗೆ ತಾಂಡಾ ಹಾಕಿಕೊಂಡು, ಕಲ್ಲು ಒಡೆಯೋಕೆ, ಕಬ್ಬು ಕಡಿಯೋಕೆ, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಟರು. ನೀವು ಕೂತಿರೋ ಟೆಕ್ ಪಾರ್ಕಿನ ಗಾರೆ ಕೆಲಸದಲ್ಲೂ ಅವರ ಕೈ ಇದ್ದೀತು.

ಕೊಪ್ಪದಿಂದ ಅವಳ ತಾಂಡಾಕ್ಕೆ ಹೋದೆವು. ಬಾಗಿಲಲ್ಲಿ ಅವಳಮ್ಮ. ಗೋರ್ ಮಾತಲ್ಲಿ ಅಮ್ಮನಿಗೆ ಯಾಡಿ ಅಂತಾರೆ. "ರಾಮ್ ರಾಮಿ" ಅಂದರು, ನಾನೂ ತಡವರಿಸ್ಕೊಂಡು ಹೇಳಿದೆ, ಮನೆಯವರೆಲ್ಲ ನಕ್ಕರು. ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಬಂದಿದ್ದು ಪಲಾವು, ಮೊಸರು ಬಜ್ಜಿ, ಪೇಟೆಯಿಂದ ತಂದ ಜಾಮೂನು. ಬಾಸುಮತಿ ಅಕ್ಕಿ, ಅದಕ್ಕೆ ಅಂತಲೇ ನ್ಯಾಮತಿಗೆ ಹೋಗಿ ತಂದಿದ್ದರಂತೆ. ಒಳಗಡೆ ಒಲೆ ಹತ್ರ ಬೇರೇನೋ ಬೇಯ್ತಿತ್ತು, ವಾಸನೆ ಬರ್ತಿತ್ತು. ಅದು ಮನೆಯವರ ಊಟ.

"ಅಮ್ಮಾ, ನನಗೂ ಅದನ್ನೇ ಹಾಕಿ" ಅಂದೆ.

ಅವರು ಮಗಳ ಮುಖ ನೋಡಿದರು. "ನಮ್ ಊಟ ನಿಮಗೆ ಸೇರ್ತತೇನಪ್ಪಾ?" ಅಂದರು. ಬೆಂಗಳೂರಲ್ಲಿ ದೊಡ್ಡ ದೊಡ್ಡ ಹೋಟೆಲಿನ ಬಾಣಸಿಗರು ನನ್ನೆದುರು ಬಂದು ಹೇಗಿದೆ ಸಾರ್ ಅಂತ ಕೇಳಿದ್ದಾರೆ. ಯಾರೂ ಹೀಗೆ ಕೇಳಿರಲಿಲ್ಲ. ಆ ಪ್ರಶ್ನೆಯಲ್ಲಿ ಅವರ ಕೈರುಚಿ ಬಗ್ಗೆ ಅನುಮಾನ ಇರಲಿಲ್ಲ. ಅನುಮಾನ ಇದ್ದಿದ್ದು ನನ್ನ ಬಗ್ಗೆ.

ಬಂತು. ಬಾಟಿ, ಸೊಪ್ಪಿನ ಪಲ್ಯ, ಹಸಿಮೆಣಸಿನಕಾಯಿ ಚಟ್ನಿ, ಸಳೋಯಿ. ಬಾಟಿ ಅಂದ್ರೆ ರೊಟ್ಟಿ. ಬೋಟಿ ಅಂತ ಕೇಳಿಸ್ಕೊಂಡು ಗೊಂದಲ ಮಾಡ್ಕೋಬೇಡಿ, ಅದು ಸಳೋಯಿ ಒಳಗಿರುತ್ತೆ. ಸಳೋಯಿ ಅಂದ್ರೆ ಕುರಿಯ ರಕ್ತ, ಲಿವರ್, ಬೋಟಿ ಎಲ್ಲ ಸೇರಿಸಿ ಈರುಳ್ಳಿ, ಖಾರ ಹಾಕಿ ಬೇಯಿಸಿದ್ದು. ಓದ್ತಾ ಓದ್ತಾ ಮುಖ ಸಿಂಡರಿಸಿದವರು ಒಂದು ಕ್ಷಣ ನಿಲ್ಲಿ. ಲಂಡನ್ನಿನಲ್ಲಿ ಬ್ಲಡ್ ಸಾಸೇಜ್ ತಿಂದು ಇನ್‌ಸ್ಟಾಗ್ರಾಮಿಗೆ ಹಾಕಿದ ಸ್ನೇಹಿತರು ನಮ್ಮೆಲ್ಲರಿಗೂ ಇದ್ದಾರೆ. ಅಲ್ಲಿ ಅದು ಸಂಸ್ಕೃತಿ, ನ್ಯಾಮತಿಯಲ್ಲಿ ಮಾತ್ರ ವಾಕರಿಕೆ ಹೇಗಾಗುತ್ತೆ?

ಇನ್ನು ವಿಮರ್ಶೆ. ಬಾಟಿ ಖಾನಾವಳಿ ರೊಟ್ಟಿಗಿಂತ ಸ್ವಲ್ಪ ದಪ್ಪ, ಕೈಯಲ್ಲೇ ತಟ್ಟಿದ್ದು, ಕೊನೆಗೆ ಕೆಂಡದ ಪಕ್ಕ ನಿಲ್ಲಿಸಿ ಸುಟ್ಟಿದ್ದು. ಹೊರಗೆ ಗರಿ, ಒಳಗೆ ಜೋಳದ ಸಿಹಿ. ಮೇಲೆ ಹೇಳಿದ ಪಟ್ಟಿಯ ಎರಡನೇ ಐಟಮಿಗಿಂತ ಇದು ಮೇಲು, ಅನುಮಾನವೇ ಬೇಡ. ಸೊಪ್ಪಿಗೆ ಎಣ್ಣೆ ಕಮ್ಮಿ, ಬೆಳ್ಳುಳ್ಳಿ ಧಾರಾಳ. ಸಳೋಯಿ ಉದುರುದುರಾಗಿ, ಲಿವರಿನ ಮೆತ್ತಗೆ, ಬೋಟಿಯ ಜಿಗುಟು ಎರಡೂ ಒಂದೇ ತುತ್ತಲ್ಲಿ ಸಿಗುವ ಹಾಗೆ ಇತ್ತು. ಖಾರ ಜಾಸ್ತಿ, ಆದರೆ ಆ ಖಾರಕ್ಕೆ ಕೆಲಸ ಇದೆ. ಉಪ್ಪು ನನ್ನ ನಾಲಿಗೆಗೆ ಒಂದು ಹರಳು ಹೆಚ್ಚು. ಉಪ್ಪು ಹೊತ್ತು ಮಾರಿದ ವಂಶದ ಮನೆಯಲ್ಲಿ ಆ ದೂರು ಹೇಳೋಕೆ ಧೈರ್ಯ ಬರಲಿಲ್ಲ. ಮೊದಲ ತುತ್ತು ಕಷ್ಟ ಆಯ್ತು ಅನ್ನೋದನ್ನ ಮುಚ್ಚಿಡಲ್ಲ. ಎರಡನೇ ತುತ್ತು ಆಗಲಿಲ್ಲ. ಮೂರನೆಯದಕ್ಕೆ ಬಾಟಿ ಕೇಳಿ ಹಾಕಿಸ್ಕೊಂಡೆ.

ಊಟ ಆದ ಮೇಲೆ ಕಟ್ಟೆ ಮೇಲೆ ಕೂತಿದ್ದಾಗ ಅವಳು ಹೇಳಿದಳು. "ನಿನಗೆ ನೆನಪಿಲ್ಲ. ನಾನು ಸೇರಿದ ಹೊಸದರಲ್ಲಿ ಒಂದಿನ ಪ್ಯಾಂಟ್ರಿ ಮೈಕ್ರೋವೇವಲ್ಲಿ ಡಬ್ಬಿ ಬಿಸಿ ಮಾಡಿದ್ದೆ. ಊರಿಂದ ಅಮ್ಮ ಕಳಿಸಿದ್ದು, ಬಾಟಿ, ಮಟನ್ನು. ನೀನು ಒಳಗೆ ಬಂದು 'ಯಾರಪ್ಪಾ ಇದು, ಇಡೀ ಫ್ಲೋರ್ ನಾರ್ತಾ ಇದೆ' ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ."

ನನಗೆ ನಿಜವಾಗಲೂ ನೆನಪಿರಲಿಲ್ಲ. ಆದರೆ ಆ ಮಾತು ನನ್ನದೇ ಅನ್ನೋದರಲ್ಲಿ ಅನುಮಾನವೂ ಇರಲಿಲ್ಲ, ಅದು ನಾನು ಹೇಳೋ ಥರದ ಜೋಕು. ಅವತ್ತಿನಿಂದ ಅವಳು ಡಬ್ಬಿಗೆ ಚಿತ್ರಾನ್ನ, ಮೊಸರನ್ನ ತರ್ತಿದ್ದಾಳೆ. ಮೂರು ವರ್ಷ ನಾನು ಅವಳೆದುರು ಕೂತು ಉಂಡಿದೀನಿ. ನೆಟ್ಟಿಗರಿಗೆಲ್ಲ ಊರೂರಿನ ಊಟ ತೋರಿಸೋ ನಾನು, ಎದುರಿಗೆ ಕೂತವಳ ಡಬ್ಬಿಯಿಂದ ಊರಿನ ಊಟವನ್ನ ಓಡಿಸಿಬಿಟ್ಟಿದ್ದೆ.

"ಸಾರಿ" ಅಂದೆ. "ಇರ್ಲಿ ಬಿಡು" ಅಂದಳು. ಆ "ಇರ್ಲಿ ಬಿಡು" ಇನ್ನೂ ನನ್ನ ಹತ್ರ ಇದೆ.

ಹಾಗಾದರೆ ಈ ಊಟ ಹೋಟೆಲಿಗೆ ಯಾಕೆ ಬರಲಿಲ್ಲ? ಕೆಲವು ಕಾರಣ ಅಡುಗೆಯದ್ದೇ. ಸಳೋಯಿ ಕುರಿ ಕೊಯ್ದ ದಿನವೇ, ಕೆಲವೇ ಗಂಟೆಯೊಳಗೆ ಮಾಡಿ ಉಣ್ಣಬೇಕಾದ ಪದಾರ್ಥ. ಫ್ರಿಜ್ಜಲ್ಲಿಟ್ಟು ಆರ್ಡರ್ ಬಂದಾಗ ಬಿಸಿ ಮಾಡೋಕಾಗಲ್ಲ. ಆದರೆ ಬಾಟಿ, ಸೊಪ್ಪು, ಚಟ್ನಿಗೆ ಏನಾಗಿದೆ? ಅದು ದಿನಾ ಮಾಡೋ ಊಟ, ದಿನಾ ಮಾರಬಹುದಾದ ಊಟ. ಅಲ್ಲಿಗೆ ಉಳಿಯೋ ಕಾರಣಗಳು ಅಡುಗೆಮನೆಯದ್ದಲ್ಲ.

ಮೊದಲನೆಯದು ಜಾಗ. ಬೆಣ್ಣೆ ದೋಸೆ ಕಥೆ ನೋಡಿ. 1928ರ ಸುಮಾರಿಗೆ ಚೆನ್ನಮ್ಮ ಅನ್ನೋ ಹೆಂಗಸು ಬೆಳಗಾವಿ ಕಡೆಯಿಂದ ಮಕ್ಕಳನ್ನ ಕಟ್ಟಿಕೊಂಡು ದಾವಣಗೆರೆಗೆ ಬಂದು, ನಾಟಕದ ಥಿಯೇಟರಿನ ಹತ್ರ ಒಲೆ ಹೂಡಿ ರಾಗಿ ದೋಸೆ ಮಾರಿದರು ಅಂತ ಹೇಳ್ತಾರೆ. ಮುಂದೆ ಮಕ್ಕಳು ರಾಗಿ ಬಿಟ್ಟು ಅಕ್ಕಿಗೆ ಬಂದರು, ಬೆಣ್ಣೆ ಸೇರಿತು, ಊರಿಗೇ ಹೆಸರು ಬಂತು. ಇವತ್ತು ಮುಂಬೈಯಲ್ಲೂ ಅದಕ್ಕೆ ಕ್ಯೂ ನಿಲ್ತಾರೆ. ಆ ಊಟ ದೊಡ್ಡದಾಗಿದ್ದು ಬೆಣ್ಣೆಯಿಂದ ಮಾತ್ರ ಅಲ್ಲ. ಜನ ಓಡಾಡೋ ಜಾಗದಲ್ಲಿ ಒಬ್ಬ ಹೆಂಗಸಿಗೆ ಒಲೆ ಹೂಡೋಕೆ ಎರಡು ಮೊಳ ನೆಲ ಸಿಕ್ಕಿತಲ್ಲ, ಅದರಿಂದ. ತಾಂಡಾ ಇರೋದು ಊರ ಹೊರಗೆ. ವರ್ಷದಲ್ಲಿ ಕೆಲವು ತಿಂಗಳು ಗಂಡ-ಹೆಂಡತಿ ಇಬ್ಬರೂ ದುಡಿಯೋಕೆ ಗುಳೆ ಹೋಗಿರ್ತಾರೆ. ಬಸ್‌ಸ್ಟ್ಯಾಂಡ್ ಪಕ್ಕದ ಮಳಿಗೆಗೆ ಅಡ್ವಾನ್ಸು ಎಲ್ಲಿಂದ ತರೋದು?

ಎರಡನೆಯದು ನಾವು. ಸಂವಿಧಾನದ 15ನೇ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳ ಹೆಸರು ಹಿಡಿದೇ ಹೇಳುತ್ತೆ: ಜಾತಿ ಕಾರಣಕ್ಕೆ ಯಾರನ್ನೂ ಅಲ್ಲಿಗೆ ಬರದಂತೆ ತಡೆಯೋ ಹಾಗಿಲ್ಲ. ಊಟದ ಬಗ್ಗೆ ಬರೆಯೋರು ಓದಲೇಬೇಕಾದ ಸಾಲು ಅದು. ಅದರಿಂದಾಗಿ ಇವತ್ತು ಯಾರು ಬೇಕಾದರೂ ಯಾವ ಹೋಟೆಲಿಗೂ ಹೋಗಿ ಉಣ್ಣಬಹುದು. ಆದರೆ ಯಾರು ಬೇಕಾದರೂ ಹೋಟೆಲು ಇಟ್ಟರೆ ಎಲ್ಲರೂ ಬಂದು ಉಂತಾರಾ? ಅದನ್ನ ಯಾವ ಕಾನೂನೂ ಮಾಡಿಸೋಕಾಗಲ್ಲ. "ಅಡುಗೆ ಯಾರದು?" ಅನ್ನೋ ಪ್ರಶ್ನೆ ಇವತ್ತಿಗೂ ಸಣ್ಣ ಊರಲ್ಲಿ ಬಾಯಿಬಿಟ್ಟು ಕೇಳ್ತಾರೆ, ದೊಡ್ಡ ಊರಲ್ಲಿ "ಹೈಜೀನ್ ಹೇಗೋ ಏನೋ" ಅಂತ ಕೇಳ್ತಾರೆ. ಹಾಗಾಗಿಯೇ ತಾಂಡಾದ ಎಷ್ಟೋ ಹುಡುಗರು ಹೋಟೆಲಲ್ಲಿ ಕೆಲಸ ಮಾಡಿದರೂ ಅಲ್ಲಿ ಬೇಯಿಸೋದು ಬೇರೆಯವರ ಅಡುಗೆ.

ಮೂರನೆಯದು ನಮ್ಮ ಪ್ರೀತಿಯ ರೀತಿ. ಲಂಬಾಣಿ ಕಸೂತಿ ನಮಗೆ ಬಹಳ ಇಷ್ಟ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆ ಹೊತ್ತಿಗೆ 1,755 ಲಂಬಾಣಿ ವಸ್ತುಗಳನ್ನ ಒಟ್ಟಿಗೆ ಪ್ರದರ್ಶಿಸಿ ಗಿನ್ನಿಸ್ ದಾಖಲೆ ಮಾಡಿದರು. ಕನ್ನಡಿ ಹೊಲಿದ ಕುಶನ್ ಕವರು ನಮ್ಮನೆ ಸೋಫಾ ಮೇಲೂ ಇದೆ. ಬಟ್ಟೆಯನ್ನ ಮೈಗೆ ಮುಟ್ಟಿಸ್ಕೊಂಡ್ವಿ, ಊಟವನ್ನ ಬಾಯಿಗೆ ಮುಟ್ಟಿಸ್ಕೊಳ್ಳಲಿಲ್ಲ. ಗೋಡೆಗೆ ನೇತುಹಾಕೋ ವಸ್ತುವಿಗೆ ಮಾಡಿದವರ ಜೊತೆ ಸಂಬಂಧ ಬೇಕಿಲ್ಲ. ಊಟಕ್ಕೆ ಬೇಕು. ಮಾಡಿದ ಕೈಯನ್ನ ಒಪ್ಪದೆ ತುತ್ತು ಒಳಗೆ ಇಳಿಯಲ್ಲ.

ಇದನ್ನ ಓದಿ ಮುಂದಿನ ವಾರವೇ "ತಾಂಡಾ ಫುಡ್ ಟ್ರೇಲ್" ಅಂತ ಬೈಕು ಹತ್ತಿ ಹೊರಡಬೇಡಿ, ದಮ್ಮಯ್ಯ. ಯಾರದೋ ಮನೆ ಬಾಗಿಲಿಗೆ ಹೋಗಿ ಕ್ಯಾಮೆರಾ ಹಿಡಿದು ಸಳೋಯಿ ಕೇಳೋದು ಮರ್ಯಾದೆ ಅಲ್ಲ. ನನ್ನನ್ನ ಕರೆದಿದ್ದಕ್ಕೆ ಹೋದೆ. ಬರೀಲಾ ಅಂತ ಕೇಳಿದಾಗ ಅವಳು ಎರಡು ಷರತ್ತು ಹಾಕಿದಳು: ಹೆಸರು ಬೇಡ, ಫೋಟೋ ಬೇಡ. ಆಮೇಲೆ ಇನ್ನೊಂದು ಸೇರಿಸಿದಳು: "ಎಕ್ಸಾಟಿಕ್ ಅಂತ ಬರೀಬೇಡ. ಅದು ನಮ್ಮನೆ ಮಂಗಳವಾರದ ಊಟ."

ಆಗಬೇಕಾಗಿರೋದು ಸಣ್ಣ ಕೆಲಸ. ಸೂರಗೊಂಡನಕೊಪ್ಪಕ್ಕೆ ವರ್ಷವಿಡೀ ಜನ ಬರ್ತಾರೆ. ಅಲ್ಲೊಂದು, ಹೊನ್ನಾಳಿ ಬಸ್‌ಸ್ಟ್ಯಾಂಡ್ ಹತ್ರ ಒಂದು, ತಾಂಡಾದ ಹೆಣ್ಣುಮಕ್ಕಳ ಸಂಘಕ್ಕೆ ಕಡಿಮೆ ಬಾಡಿಗೆಗೆ ಮಳಿಗೆ ಕೊಟ್ಟರೆ ಸಾಕು. ತಾಂಡಾ ಅಭಿವೃದ್ಧಿಗೆ ಅಂತಲೇ ಸರ್ಕಾರದ ನಿಗಮ ಇದೆ. ಗುಡಿ, ಭವನ ಕಟ್ಟಿದ ಹಾಗೇ ಒಂದು ಒಲೆಯನ್ನೂ ಕಟ್ಟಲಿ. ಬಾಟಿ, ಸೊಪ್ಪು, ಚಟ್ನಿ, ಮಜ್ಜಿಗೆ, ಕೊನೆಗೆ ಸ್ವಲ್ಪ ಕಡಾವೊ. ಇಷ್ಟೇ ಮೆನು. ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ "ಲಂಬಾಣಿ ಊಟ" ಅಂತ ಇರಬೇಕು, "ಉತ್ತರ ಕರ್ನಾಟಕ ಶೈಲಿ" ಅಂತ ಮರೆಮಾಚಬಾರದು. ನಮ್ಮ ಪಾಲಿನ ಕೆಲಸ ಇನ್ನೂ ಸಣ್ಣದು. ಹೋಗಿ ಕೂತು, ಉಂಡು, ದುಡ್ಡು ಕೊಟ್ಟು, ಮತ್ತೆ ಹೋಗೋದು. ಉಪ್ಪು ಜಾಸ್ತಿ ಇದ್ದರೆ ಜಾಸ್ತಿ ಅಂತಲೇ ಹೇಳೋದು. ಪಾಪ ಅಂತ ಹೊಗಳಿದರೆ ಅದೂ ಒಂಥರಾ ಅವಮಾನವೇ. ಬೇರೆ ಹೋಟೆಲಿನ ಹಾಗೇ ಇದನ್ನೂ ಬೈಯೋ ಸಲಿಗೆ ಬರಬೇಕು.

ಈಗ ಯಾರಾದರೂ ಹೊನ್ನಾಳಿಲಿ ಎಲ್ಲಿ ತಿನ್ನೋದು ಅಂತ ಕೇಳಿದರೆ ಐದು ಸಾಲು ಕಳಿಸ್ತೀನಿ. ನಾಲ್ಕು ಹಳೆಯವೇ. ಐದನೆಯದು ಹೀಗಿದೆ: "ಬಾಟಿ ಊಟ. ಸದ್ಯಕ್ಕೆ ಹೋಟೆಲಲ್ಲಿ ಸಿಗಲ್ಲ. ಹೋದ ಕಡೆಯೆಲ್ಲ ಇದೆಯಾ ಅಂತ ಕೇಳಿ." ಅರ್ಧ ಜನ ಏನದು ಅಂತ ವಾಪಸ್ ಕೇಳ್ತಾರೆ. ಆಗ ಹೇಳ್ತೀನಿ. ಹತ್ತು ಜನ ಖಾನಾವಳಿಯಲ್ಲಿ ಕೇಳಿದರೆ ಹನ್ನೊಂದನೆಯವರ ಹೊತ್ತಿಗೆ ಯಾರಾದರೂ ಒಲೆ ಹೂಡಿಯಾರು ಅನ್ನೋ ಆಸೆ.

ಹೊರಡೋವಾಗ ಯಾಡಿ ಬಾಟಿ, ಚಟ್ನಿ ಕಟ್ಟಿಕೊಟ್ಟರು, ಮಗಳಿಗೊಂದು ಗಂಟು, ನನಗೊಂದು. "ಮುಂದಿನ ಸಲ ಪಲಾವ್ ಮಾಡಂಗಿಲ್ಲ ನೋಡಪ್ಪಾ" ಅಂದರು. ಸೋಮವಾರ ಮಧ್ಯಾಹ್ನ ಪ್ಯಾಂಟ್ರಿಯಲ್ಲಿ ಇಬ್ಬರೂ ಬಿಚ್ಚಿದೆವು. ಮೈಕ್ರೋವೇವಿಗೆ ಮೊದಲು ನನ್ನ ಡಬ್ಬಿ ಇಟ್ಟೆ.